ಮೂಲ ಚಿತ್ರದಿಂದ ಮುದ್ರಣದವರೆಗೆ: ಕಲಾಕೃತಿಯ ಫೋಟೊ ತೆಗೆಯುವ ಕ್ರಮ

ಕಲಬುರಗಿಯಲ್ಲಿ ಹುಟ್ಟಿದ ಎಸ್. ಎಂ. ಪಂಡಿತರ (1916–1993) ಚಿತ್ರಗಳು ನಾಡಿನ ಮನೆಮನೆಗೆ ತಲುಪಿದ್ದು ಕ್ಯಾಲೆಂಡರುಗಳ ಮೂಲಕ. ಅವರ ಮೂಲ ಕ್ಯಾನ್ವಾಸುಗಳ ಮುಂದೆ ನಿಂತು ನೋಡಿದವರು ಕಡಿಮೆ, ಗೋಡೆಯ ಮೊಳೆಗೆ ತೂಗುಹಾಕಿದ ಮುದ್ರಿತ ಹಾಳೆಯಲ್ಲಿ ಅವುಗಳನ್ನು ನೋಡಿದವರು ಬಹಳ. ಒಬ್ಬ ಕಲಾವಿದನ ಕೆಲಸ ಊರಿನಾಚೆ ಹೋಗಬೇಕಾದರೆ ಒಳ್ಳೆಯ ಪ್ರತಿ ಬೇಕು ಎಂಬ ಮಾತು ಆ ಕಾಲಕ್ಕಿಂತ ಇಂದು ಹೆಚ್ಚು ನಿಜವಾಗಿದೆ. ಒಂದು ಮೂಲ ಚಿತ್ರವನ್ನು ಒಬ್ಬರಷ್ಟೇ ಕೊಳ್ಳಬಹುದು, ಆದರೆ ಹತ್ತಿಯ ಕಾಗದದ ಮೇಲೆ ಪಿಗ್ಮೆಂಟ್ ಶಾಯಿಯಲ್ಲಿ (ಬಣ್ಣದ ಸೂಕ್ಷ್ಮ ಕಣಗಳಿರುವ ಶಾಯಿ) ಮುದ್ರಿಸಿದ ಅದರ ಪ್ರತಿಗಳನ್ನು ಇಪ್ಪತ್ತು ಮಂದಿ ಕೊಳ್ಳಬಹುದು. ಆ ಪ್ರತಿಗಳ ಗುಣಮಟ್ಟ ಮುದ್ರಣಯಂತ್ರದ ಹತ್ತಿರ ಹೋಗುವ ಮೊದಲೇ, ಫೋಟೊ ತೆಗೆಯುವ ಕೋಣೆಯಲ್ಲಿಯೇ ಬಹುಪಾಲು ತೀರ್ಮಾನವಾಗಿರುತ್ತದೆ. ಕಲಬುರಗಿ, ಬೀದರ್, ಯಾದಗಿರಿಯಂಥ ಊರುಗಳಲ್ಲಿ ದೊಡ್ಡ ಸ್ಟುಡಿಯೊ ಇಲ್ಲದೆ, ಒಂದು ಸಾಧಾರಣ ಕೋಣೆಯಲ್ಲಿ ಈ ಕೆಲಸವನ್ನು ಹೇಗೆ ಸರಿಯಾಗಿ ಮಾಡಬಹುದು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಸಮಯದ ಮಾತು. ಚಿತ್ರಕ್ಕೆ ಚೌಕಟ್ಟು ಹಾಕಿಸುವ ಮೊದಲು, ವಾರ್ನಿಶ್ ಬಳಿಯುವ ಮೊದಲು ಫೋಟೊ ತೆಗೆಯಬೇಕು. ತೈಲವರ್ಣದ ಚಿತ್ರಕ್ಕೆ ಅಂತಿಮ ವಾರ್ನಿಶ್ ಬಳಿಯಲು ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದವರೆಗೆ ಕಾಯುವುದು ವಾಡಿಕೆಯಾದ್ದರಿಂದ, ಮೇಲ್ಮೈ ಮುಟ್ಟಿದರೆ ಅಂಟದಷ್ಟು ಒಣಗಿದ ಮೇಲೆ, ಆದರೆ ವಾರ್ನಿಶಿನ ಹೊಳಪು ಬರುವ ಮುಂಚೆ, ಸಾಕಷ್ಟು ಅವಕಾಶ ಸಿಗುತ್ತದೆ. ಗಾಜು ಹಾಕಿದ ಜಲವರ್ಣವಾದರೆ ಗಾಜನ್ನು ಬಿಚ್ಚಲೇಬೇಕು. ಗಾಜಿನ ಮೇಲಿಂದಲೇ ತೆಗೆದುಕೊಡಿ ಎಂದು ಕೇಳುವವರು ಬಹಳ, ಒಪ್ಪಿಕೊಳ್ಳಬೇಡಿ. ಬೇಸಿಗೆಯಲ್ಲಿ ನಮ್ಮ ಕಡೆ ಧೂಳು ಎಲ್ಲಿಂದಲೋ ಬಂದು ಕೂರುತ್ತದೆ, ಅದನ್ನು ಮೃದುವಾದ ಒಣ ಕುಂಚದಿಂದ ಒಂದೇ ದಿಕ್ಕಿನಲ್ಲಿ ಸವರಿ ತೆಗೆಯಿರಿ. ನೀಲಿಬಣ್ಣದ ಆಕಾಶದ ಮೇಲೆ ಕೂತ ಒಂದೊಂದು ಕಣವನ್ನು ಆಮೇಲೆ ಕಂಪ್ಯೂಟರಿನಲ್ಲಿ ಅಳಿಸುತ್ತ ಕೂರುವುದಕ್ಕಿಂತ ಈ ಎರಡು ನಿಮಿಷ ಮೇಲು. ಇದ್ದಿಲು ಅಥವಾ ಪೇಸ್ಟಲ್ ಚಿತ್ರಗಳಿಗೆ ಮಾತ್ರ ಕುಂಚ ತಾಗಿಸಬಾರದು.

ಸ್ಕ್ಯಾನರ್ ಬೇಕೋ ಕ್ಯಾಮೆರಾ ಬೇಕೋ ಎಂಬುದು ಚಿತ್ರದ ಅಳತೆಯ ಮೇಲೆ ನಿಂತಿದೆ. ಎ4 ಹಾಳೆಗಿಂತ ದೊಡ್ಡದಲ್ಲದ ಪೆನ್ಸಿಲ್, ಶಾಯಿ, ತೆಳುವಾದ ಜಲವರ್ಣದ ಕೆಲಸಗಳಿಗೆ ಒಳ್ಳೆಯ ಫ್ಲಾಟ್‌ಬೆಡ್ ಸ್ಕ್ಯಾನರ್ ಸಾಕು. 600 ಪಿಪಿಐಗೆ (ಇಂಚಿಗೆ 600 ಪಿಕ್ಸೆಲ್) ಇಟ್ಟು, ಸ್ಕ್ಯಾನರ್ ತಾನಾಗಿಯೇ ಮಾಡುವ ಶಾರ್ಪನಿಂಗ್ (ಅಂಚುಗಳನ್ನು ಚೂಪುಗೊಳಿಸುವುದು), ಬಣ್ಣ ತಿದ್ದುವಿಕೆ, ಧೂಳು ತೆಗೆಯುವಿಕೆ ಎಲ್ಲವನ್ನೂ ನಿಲ್ಲಿಸಿ, 16 ಬಿಟ್‌ನಲ್ಲಿ ಉಳಿಸಿಕೊಳ್ಳಿ, ಬಣ್ಣದ ಸೂಕ್ಷ್ಮ ಹಂತಗಳು ಅದರಲ್ಲಿ ಹೆಚ್ಚು ಉಳಿಯುತ್ತವೆ. ಕೊಳ್ಳುವುದಾದರೆ ಸಿಸಿಡಿ ಸಂವೇದಕದ ಸ್ಕ್ಯಾನರನ್ನೇ ನೋಡಿ. ತೆಳ್ಳಗಿನ ಸಿಐಎಸ್ ಸ್ಕ್ಯಾನರುಗಳು ಗಾಜಿಗೆ ಅಂಟಿಕೊಂಡ ಭಾಗವನ್ನು ಮಾತ್ರ ಸ್ಪಷ್ಟವಾಗಿ ತೋರಿಸಿ, ನೀರಿಗೆ ಉಬ್ಬಿದ ಕಾಗದದ ಏರುತಗ್ಗುಗಳನ್ನು ಮಸುಕು ಮಾಡುತ್ತವೆ. ಇದಕ್ಕಿಂತ ದೊಡ್ಡ ಚಿತ್ರಗಳಿಗೆ, ದಪ್ಪ ಬಣ್ಣದ ಕ್ಯಾನ್ವಾಸುಗಳಿಗೆ ಕ್ಯಾಮೆರಾವೇ ಸರಿ.

ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಇರಬೇಕು ಎಂಬ ಪ್ರಶ್ನೆಗೆ ಲೆಕ್ಕ ಸುಲಭ. ಹತ್ತಿರದಿಂದ ನೋಡುವ ಮುದ್ರಣಕ್ಕೆ ಇಂಚಿಗೆ 300 ಪಿಕ್ಸೆಲ್ ಎಂದು ಇಟ್ಟುಕೊಂಡರೆ, 6000×4000 ಪಿಕ್ಸೆಲ್ ಕೊಡುವ 24 ಮೆಗಾಪಿಕ್ಸೆಲ್ ಕ್ಯಾಮೆರಾದಿಂದ 20×13 ಇಂಚಿನ ಪ್ರತಿ ಬರುತ್ತದೆ. ನಾಲ್ಕಾರು ಅಡಿ ದೂರದಿಂದ ನೋಡುವ ದೊಡ್ಡ ಪ್ರತಿಗೆ 200 ಪಿಕ್ಸೆಲ್ ಕೂಡ ಸಾಕಾಗುತ್ತದೆ, ಆಗ ಅದೇ ಕ್ಯಾಮೆರಾ 30×20 ಇಂಚಿಗೆ ಹೊಂದುತ್ತದೆ. ಮೂರಡಿ ಅಗಲ, ನಾಲ್ಕಡಿ ಎತ್ತರದ ಕ್ಯಾನ್ವಾಸನ್ನು ಅದೇ ಅಳತೆಯಲ್ಲಿ 300 ಪಿಕ್ಸೆಲ್ ಹಿಡಿದು ಮುದ್ರಿಸಬೇಕೆಂದರೆ 10800×14400 ಪಿಕ್ಸೆಲ್ ಬೇಕು. ಅದನ್ನು 24 ಮೆಗಾಪಿಕ್ಸೆಲ್ ಕ್ಯಾಮೆರಾವನ್ನು ಲಂಬವಾಗಿ ಇಟ್ಟು, ಪ್ರತಿ ಫೋಟೊ ಪಕ್ಕದ್ದರ ಮೇಲೆ ಶೇ. 30ರಷ್ಟು ಹಾಯುವಂತೆ ತೆಗೆದರೆ, ಸಾಲಿಗೆ ನಾಲ್ಕರಂತೆ ಮೂರು ಸಾಲು, ಒಟ್ಟು 12 ಫೋಟೊಗಳಲ್ಲಿ ಮುಗಿಸಿ, ಕಂಪ್ಯೂಟರಿನಲ್ಲಿ ಒಂದೇ ಚಿತ್ರವಾಗಿ ಹೊಲಿಯಬಹುದು. ಹೀಗೆ ಹೊಲಿಯುವಾಗ ಕ್ಯಾಮೆರಾ ಮತ್ತು ದೀಪಗಳನ್ನು ಕದಲಿಸದೆ ಚಿತ್ರವನ್ನೇ ಒಂದೇ ಸಮತಲದಲ್ಲಿ ಸರಿಸಿದರೆ ಪ್ರತಿ ತುಂಡಿಗೂ ಒಂದೇ ಬೆಳಕು ಬೀಳುತ್ತದೆ. ಕ್ಯಾಮೆರಾವನ್ನು ನಿಂತಲ್ಲೇ ತಿರುಗಿಸಿ ಹೊಲಿದರೆ ಅಂಚುಗಳು ಡೊಂಕಾಗುತ್ತವೆ.

ಇನ್ನು ಬೆಳಕು. ಇಡೀ ಕೆಲಸದ ಜೀವ ಇರುವುದು ಇಲ್ಲಿ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಹೊಸ ಕ್ಯಾಮೆರಾ ಕೊಳ್ಳಲು ಹಣ ಕೂಡಿಡುತ್ತಿರುವವರಿಗೆ ನನ್ನ ಸಲಹೆ ಎಂದರೆ, ಇರುವ ಕ್ಯಾಮೆರಾವನ್ನೇ ಇಟ್ಟುಕೊಂಡು ಆ ಹಣದಲ್ಲಿ ಒಂದು ಜೊತೆ ಒಳ್ಳೆಯ ದೀಪ ಕೊಳ್ಳಿ.

ನಾನು ಈ ಕೆಲಸ ಆರಂಭಿಸಿದ ವರ್ಷ, ಹಿರಿಯ ಚಿತ್ರಕಲಾ ಶಿಕ್ಷಕರೊಬ್ಬರು ಹೂ ಬಿಟ್ಟ ತೊಗರಿ ಹೊಲದ ಜಲವರ್ಣವೊಂದನ್ನು ಕೊಟ್ಟಿದ್ದರು. ನನ್ನ ಕೋಣೆಗೆ ತಿಳಿಹಸಿರು ಡಿಸ್ಟೆಂಪರ್ ಬಳಿದಿತ್ತು. ದೀಪಗಳು ಸರಿಯಾಗಿದ್ದವು, ಕ್ಯಾಮೆರಾ ಸರಿಯಾಗಿತ್ತು, ಆದರೆ ಗೋಡೆಗೆ ಬಡಿದು ಮರಳಿದ ಬೆಳಕು ಚಿತ್ರದ ಬಲಭಾಗಕ್ಕೆಲ್ಲ ಹಸಿರು ಸವರಿತ್ತು. ಪರದೆಯ ಮೇಲೆ ನನ್ನ ಕಣ್ಣು ಅದಕ್ಕೆ ಒಗ್ಗಿಹೋಗಿದ್ದರಿಂದ ಗೊತ್ತಾಗಲಿಲ್ಲ. ಮುದ್ರಣವನ್ನು ಮೂಲದ ಪಕ್ಕ ಇಟ್ಟ ಕೂಡಲೇ ಅವರು, "ತಮ್ಮಾ, ನಾ ತಗದ ಆಕಾಶ ಇದಲ್ಲೋ, ಇದಕ್ಕ ಪಾಚಿ ಹಿಡದಂಗ ಕಾಣ್ತದ" ಎಂದರು. ಅವರು ಸಿಟ್ಟಾಗಲಿಲ್ಲ, ಅದೇ ನನಗೆ ಹೆಚ್ಚು ನೋವಾಯಿತು. ಅಂದಿನಿಂದ ಚಿತ್ರದ ಎರಡೂ ಬದಿಗೆ, ಹಿಂದೆ, ಕ್ಯಾಮೆರಾದ ಹಿಂದಿನ ಗೋಡೆಗೆ ಕಪ್ಪು ಬಟ್ಟೆ ಇಳಿಬಿಡದೆ ಒಂದು ಫೋಟೊವನ್ನೂ ತೆಗೆದಿಲ್ಲ. ಫೋಟೊ ತೆಗೆಯುವವರು ಕೂಡ ಕಪ್ಪು ಅಥವಾ ಬೂದು ಅಂಗಿ ತೊಡಬೇಕು, ಏಕೆಂದರೆ ಕೆಂಪು ಅಂಗಿಯ ಬಣ್ಣ ಹೊಳಪಿನ ತೈಲವರ್ಣದಲ್ಲಿ ಪ್ರತಿಫಲಿಸುತ್ತದೆ. ನಮ್ಮ ಮನೆಗಳ ಶಹಾಬಾದ್ ಫರಸಿ ಬಹುಮಟ್ಟಿಗೆ ಬೂದು ಬಣ್ಣದ್ದಾದ್ದರಿಂದ ನೆಲದಿಂದ ಬಣ್ಣ ಅಂಟುವ ಭಯ ಕಡಿಮೆ, ಆದರೂ ಪಾಲಿಶ್ ಮಾಡಿದ ಫರಸಿಯಾದರೆ ಅದರ ಮೇಲೂ ಒಂದು ಕಪ್ಪು ಬಟ್ಟೆ ಹಾಸಿ.

ಕಿಟಕಿಯ ಬೆಳಕಿನಲ್ಲಿ ಒಂದೆರಡು ಚಿತ್ರಗಳನ್ನು ತೆಗೆಯಬಹುದು, ಒಂದು ಸಂಗ್ರಹವನ್ನು ತೆಗೆಯಲಾಗದು. ಬೆಳಿಗ್ಗೆ ಎಂಟಕ್ಕೆ ಇದ್ದ ಬಣ್ಣ ಹತ್ತಕ್ಕೆ ಇರುವುದಿಲ್ಲ, ಅಂಗಳದ ಕೆಂಪು ಮಣ್ಣಿಗೆ ಬಿಸಿಲು ಬಿದ್ದರೆ ಪಡಸಾಲೆಯ ನೆರಳಿನ ಬೆಳಕೂ ಕೆಂಪಾಗುತ್ತದೆ. ಹಾಗಾಗಿ ಕಿಟಕಿಗಳನ್ನು ಮುಚ್ಚಿ, ಟ್ಯೂಬ್‌ಲೈಟ್ ಆರಿಸಿ, ಒಂದೇ ಕಂಪನಿಯ, ಒಂದೇ ಮಾದರಿಯ ಎರಡು ದೀಪಗಳನ್ನು ಮಾತ್ರ ಉರಿಸಿ. 5000ದಿಂದ 5500 ಕೆಲ್ವಿನ್ ಬಣ್ಣತಾಪದ, ಸಿಆರ್‌ಐ (ಬಣ್ಣಗಳನ್ನು ದೀಪ ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಳತೆ) 95ಕ್ಕೆ ಕಡಿಮೆಯಿಲ್ಲದ ಎಲ್‌ಇಡಿ ದೀಪಗಳು ಒಳ್ಳೆಯವು, ಎರಡು ಸ್ಟುಡಿಯೊ ಫ್ಲ್ಯಾಶ್ ಇದ್ದರೆ ಇನ್ನೂ ಒಳ್ಳೆಯದು. ನಾನು ಬೇಸಿಗೆಯಲ್ಲಿ ರಾತ್ರಿ ಹತ್ತರ ಮೇಲೆಯೇ ಕೆಲಸ ಮಾಡುತ್ತೇನೆ. ಕಿಟಕಿಯಿಂದ ಬೆಳಕು ನುಸುಳುವುದಿಲ್ಲ, ರಸ್ತೆಯ ಲಾರಿಗಳ ಅದುರು ಕಡಿಮೆಯಾಗಿರುತ್ತದೆ, ಮತ್ತು ಫೋಟೊ ತೆಗೆಯುವ ಹೊತ್ತಿಗೆ ಫ್ಯಾನ್ ಆರಿಸಿದರೆ ಸಹಿಸಿಕೊಳ್ಳುವಷ್ಟು ತಂಪಿರುತ್ತದೆ. ಫ್ಯಾನ್ ಆರಿಸಲೇಬೇಕು. ಇಳಿಬಿಟ್ಟ ಕಾಗದ ಅದರ ಗಾಳಿಗೆ ಕಣ್ಣಿಗೆ ಕಾಣದಷ್ಟು ಅಲುಗಿದರೂ ಕ್ಯಾಮೆರಾಕ್ಕೆ ಕಾಣುತ್ತದೆ.

ದೀಪಗಳನ್ನು ಚಿತ್ರದ ಎಡಕ್ಕೊಂದು ಬಲಕ್ಕೊಂದು, ಚಿತ್ರದ ಮೇಲ್ಮೈಗೆ 45 ಡಿಗ್ರಿ ಕೋನದಲ್ಲಿ, ಚಿತ್ರದ ನಡುವಿನ ಎತ್ತರಕ್ಕೆ ಸಮನಾಗಿ ನಿಲ್ಲಿಸಿ. ಚಿತ್ರದ ಅಗಲದ ಎರಡರಷ್ಟು ದೂರದಲ್ಲಿಟ್ಟರೆ ಬೆಳಕು ಸಮವಾಗಿ ಹರಡುತ್ತದೆ. ತೀರ ಹತ್ತಿರ ಇಟ್ಟರೆ ಅಂಚುಗಳು ಬೆಳಗಿ ನಡುವೆ ಮಬ್ಬಾಗುತ್ತದೆ. ಸಮ ಬಂದಿದೆಯೇ ಎಂದು ನೋಡಲು ಒಂದು ಪೆನ್ಸಿಲ್ ಸಾಕು. ಚಿತ್ರ ಇಡುವ ಹಲಗೆಯ ನಡುಮಧ್ಯದಲ್ಲಿ ಪೆನ್ಸಿಲಿನ ತುದಿಯನ್ನು ತಾಗಿಸಿ ನೇರವಾಗಿ ಹಿಡಿಯಿರಿ. ಎಡಕ್ಕೂ ಬಲಕ್ಕೂ ಎರಡು ನೆರಳು ಬೀಳುತ್ತವೆ. ಎರಡರ ಉದ್ದವೂ ಕಪ್ಪೂ ಒಂದೇ ಆಗಿದ್ದರೆ ದೀಪಗಳು ಸರಿಯಾಗಿವೆ. ಒಂದು ಉದ್ದವಾಗಿದ್ದರೆ ಅದರ ಎದುರಿನ ದೀಪ ತೀರ ಓರೆಯಾಗಿದೆ ಎಂದೂ, ಒಂದು ಹೆಚ್ಚು ಕಪ್ಪಾಗಿದ್ದರೆ ಎದುರಿನ ದೀಪದ ಬೆಳಕು ಜಾಸ್ತಿಯಾಗಿದೆ ಎಂದೂ ಅರ್ಥ. ಇದಾದ ಮೇಲೆ ಚಿತ್ರದ ಜಾಗದಲ್ಲಿ ಖಾಲಿ ಬಿಳಿ ಡ್ರಾಯಿಂಗ್ ಹಾಳೆ ಅಂಟಿಸಿ ಒಂದು ಫೋಟೊ ತೆಗೆದು, ಕಂಪ್ಯೂಟರಿನಲ್ಲಿ ನಾಲ್ಕು ಮೂಲೆ ಮತ್ತು ನಡುವಿನ ಬೆಳಕಿನ ಸಂಖ್ಯೆಗಳನ್ನು ಓದಿ ನೋಡಿ. ವ್ಯತ್ಯಾಸ ಎರಡು ಮೂರು ಅಂಕಗಳಿಗಿಂತ ಹೆಚ್ಚಿರಬಾರದು. ಈ ಬಿಳಿ ಹಾಳೆಯ ಫೋಟೊವನ್ನು ಅಳಿಸಬೇಡಿ, ಲೈಟ್‌ರೂಮ್ ಕ್ಲಾಸಿಕ್‌ನಂಥ ತಂತ್ರಾಂಶಗಳು ಅದನ್ನೇ ಆಧಾರವಾಗಿಟ್ಟುಕೊಂಡು ಉಳಿದ ಅಸಮತೆಯನ್ನು ಸರಿಪಡಿಸುತ್ತವೆ.

ಚಾಕುವಿನಿಂದ ದಪ್ಪಗೆ ಬಣ್ಣ ಎಳೆದ ಕ್ಯಾನ್ವಾಸಿಗೆ ಈ ಸಮಬೆಳಕು ಒಗ್ಗುವುದಿಲ್ಲ ಎಂಬುದು ನನ್ನ ಅನುಭವ. ಎರಡು ಕಡೆಯ ಬೆಳಕು ಒಂದರ ನೆರಳನ್ನೊಂದು ನುಂಗಿ, ಬಣ್ಣದ ಏಣುಗಳೆಲ್ಲ ಚಪ್ಪಟೆಯಾಗುತ್ತವೆ. ಅಂಥ ಚಿತ್ರಕ್ಕೆ ಎಡಗಡೆಯ ದೀಪವನ್ನು ಅರ್ಧ ಸ್ಟಾಪಿನಷ್ಟು (ಒಂದು ಸ್ಟಾಪು ಹೆಚ್ಚೆಂದರೆ ಎರಡು ಪಟ್ಟು ಬೆಳಕು) ಹೆಚ್ಚಿಸಿ ಸ್ವಲ್ಪ ಮೇಲಕ್ಕೆ ಏರಿಸುತ್ತೇನೆ. ಕಲಾವಿದ ತನ್ನ ಕೋಣೆಯಲ್ಲಿ ಯಾವ ಬದಿಯ ಕಿಟಕಿಯ ಬೆಳಕಿನಲ್ಲಿ ಚಿತ್ರಿಸಿದ್ದನೋ ಕೇಳಿಕೊಂಡು ಆ ಬದಿಯನ್ನೇ ಹೆಚ್ಚಿಸಿದರೆ ಇನ್ನೂ ಸಹಜವಾಗಿ ಕಾಣುತ್ತದೆ.

ಕ್ಯಾಮೆರಾ ಮತ್ತು ಚಿತ್ರ ಒಂದಕ್ಕೊಂದು ಸಮಾನಾಂತರವಾಗಿರಬೇಕು, ಇಲ್ಲವಾದರೆ ಚೌಕವಾದ ಚಿತ್ರ ಒಂದು ಕಡೆ ಕಿರಿದಾಗಿ ಬರುತ್ತದೆ. ಗಾರೆ ಕೆಲಸದವರ ರಸಮಟ್ಟವನ್ನು ಹಲಗೆಗೂ ಕ್ಯಾಮೆರಾಕ್ಕೂ ಹಿಡಿದು ನೋಡಿದರೆ ಅರ್ಧ ಕೆಲಸವಾಯಿತು. ಉಳಿದರ್ಧಕ್ಕೆ ಅಂಗೈಯಗಲದ ಒಂದು ಚಪ್ಪಟೆ ಕನ್ನಡಿ ಬೇಕು. ಚಿತ್ರವನ್ನು ಇಡುವ ಮೊದಲು ಹಲಗೆಯ ನಡುವೆ ಆ ಕನ್ನಡಿಯನ್ನು ಹಲಗೆಗೆ ಸಪಾಟಾಗಿ ಅಂಟಿಸಿ, ಕ್ಯಾಮೆರಾದ ಪರದೆಯಲ್ಲಿ ನೋಡಿ. ಕನ್ನಡಿಯೊಳಗೆ ನಿಮ್ಮದೇ ಲೆನ್ಸಿನ ದುಂಡನೆಯ ಪ್ರತಿಬಿಂಬ ಕಾಣುತ್ತದೆ. ಅದು ಪರದೆಯ ನಟ್ಟನಡುವೆ ಬರುವವರೆಗೆ ಟ್ರೈಪಾಡನ್ನು ಸರಿಸುತ್ತ, ತಲೆಯನ್ನು ತಿರುಗಿಸುತ್ತ ಹೋಗಿ. ನಡುವೆ ಬಂತೆಂದರೆ ಲೆನ್ಸು ಹಲಗೆಗೆ ಕರಾರುವಾಕ್ಕಾಗಿ ನೇರವಾಗಿದೆ. ಮೊದಲ ಸಲ ಇಪ್ಪತ್ತು ನಿಮಿಷ ಹಿಡಿಯಬಹುದು, ರೂಢಿಯಾದ ಮೇಲೆ ಮೂರು ನಿಮಿಷದ ಕೆಲಸ. ತಂತ್ರಾಂಶದಲ್ಲಿ ಆಮೇಲೆ ಎಳೆದು ಚೌಕ ಮಾಡಿಕೊಳ್ಳಬಹುದಲ್ಲ ಎನ್ನುವವರಿದ್ದಾರೆ. ಮಾಡಬಹುದು, ಆದರೆ ಎಳೆದ ಪ್ರತಿ ಪಿಕ್ಸೆಲೂ ಅಷ್ಟಷ್ಟು ಮಸುಕಾಗುತ್ತದೆ.

ಲೆನ್ಸು ಸಾಧ್ಯವಾದರೆ 50ರಿಂದ 100 ಮಿ.ಮೀ. ನಡುವಿನ ಮ್ಯಾಕ್ರೊ ಆಗಿರಲಿ. ಕ್ಯಾಮೆರಾದ ಜೊತೆ ಬಂದ ಝೂಮ್ ಮಾತ್ರ ಇದ್ದರೆ ಅದರ ಅಗಲ ತುದಿಯನ್ನು ಬಿಟ್ಟು 40–50 ಮಿ.ಮೀ. ಹತ್ತಿರ ಬಳಸಿ. ಅಪರ್ಚರ್ (ಲೆನ್ಸಿನ ರಂಧ್ರ) ಎಫ್/8, ಐಎಸ್‌ಒ 100, ರಾ ಫೈಲ್ (ಕ್ಯಾಮೆರಾ ತಿದ್ದದೆ ಕೊಡುವ ಫೈಲ್), ಮ್ಯಾನ್ಯುಅಲ್ ಎಕ್ಸ್‌ಪೋಶರ್. ಎಫ್/16ಕ್ಕೆ ಇಳಿಸಿದರೆ ಎಲ್ಲವೂ ಇನ್ನಷ್ಟು ಸ್ಪಷ್ಟವಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ, ಅಷ್ಟು ಕಿರಿದಾದ ರಂಧ್ರದಲ್ಲಿ ಬೆಳಕು ಬಾಗಿ ಸೂಕ್ಷ್ಮ ವಿವರಗಳು ಮೆತ್ತಗಾಗುತ್ತವೆ. ಪರದೆಯ ಮೇಲೆ ಹತ್ತು ಪಟ್ಟು ಹಿಗ್ಗಿಸಿ ಕೈಯಿಂದಲೇ ಫೋಕಸ್ ಮಾಡಿ, ಎರಡು ಸೆಕೆಂಡಿನ ಟೈಮರ್ ಅಥವಾ ರಿಮೋಟ್ ಬಳಸಿ, ತೆಗೆದ ಮೇಲೆ ನಾಲ್ಕೂ ಮೂಲೆಗಳನ್ನು ಹಿಗ್ಗಿಸಿ ನೋಡಿ. ಎಲ್‌ಇಡಿ ದೀಪದಲ್ಲಿ ಶಟರ್ ವೇಗ ಸೆಕೆಂಡಿನ ಹತ್ತನೆಯ ಭಾಗಕ್ಕಿಂತ ನಿಧಾನವಿದ್ದರೆ ವಿದ್ಯುತ್ತಿನ ಮಿನುಗು ಫೋಟೊದಲ್ಲಿ ಪಟ್ಟೆಯಾಗಿ ಮೂಡುವುದಿಲ್ಲ.

ಹೊಳಪಿನ ಮೇಲ್ಮೈಯ ತೊಂದರೆಗೆ ಪೋಲರೈಸರ್, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಶೋಧಕ, ಮದ್ದು. ಎರಡೂ ದೀಪಗಳ ಮುಂದೆ ಪೋಲರೈಸಿಂಗ್ ಹಾಳೆಗಳನ್ನು ಒಂದೇ ದಿಕ್ಕಿನಲ್ಲಿ ಕಟ್ಟಿ, ಲೆನ್ಸಿನ ಮೇಲಿನ ಪೋಲರೈಸರನ್ನು ಹೊಳಪು ಪೂರ್ತಿ ಮಾಯವಾಗುವವರೆಗೆ ತಿರುಗಿಸಬೇಕು. ವಾರ್ನಿಶ್ ಬಳಿದ ಹಳೆಯ ತೈಲಚಿತ್ರದ ಕಪ್ಪಿನೊಳಗೆ ಹುದುಗಿದ್ದ ಬಣ್ಣಗಳು ಆಗ ಎದ್ದು ಬರುತ್ತವೆ. ಇದರಿಂದ ಬೆಳಕು ಎರಡು ಮೂರು ಸ್ಟಾಪು ಕಡಿಮೆಯಾಗುತ್ತದೆ, ಬಿಸಿಯಾಗುವ ದೀಪವಾದರೆ ಹಾಳೆ ಸುಟ್ಟುಹೋಗುತ್ತದೆ, ಮತ್ತು ಬಣ್ಣಗಳು ಕಣ್ಣಿಗೆ ಕಾಣುವುದಕ್ಕಿಂತ ಗಾಢವಾಗಿ ಬರುತ್ತವೆ. ಆದ್ದರಿಂದ ಎಲ್ಲದಕ್ಕೂ ಇದನ್ನು ಬಳಸಬೇಕಿಲ್ಲ, ಮ್ಯಾಟ್ ಜಲವರ್ಣಕ್ಕಂತೂ ಬೇಡವೇ ಬೇಡ.

ಚಿನ್ನದ ಕೆಲಸವಿರುವ ಚಿತ್ರಗಳಲ್ಲಿ ಈ ವಿಧಾನ ತಿರುಗಿ ಬೀಳುತ್ತದೆ. ಯಾದಗಿರಿ ಜಿಲ್ಲೆಯ ಸುರಪುರದ ಸಾಂಪ್ರದಾಯಿಕ ಶೈಲಿಯಲ್ಲಿ ಇಂದಿಗೂ ಚಿತ್ರ ಬರೆಯುವವರಿದ್ದಾರೆ. ದೇವರ ಕಿರೀಟ, ಪ್ರಭಾವಳಿ, ಸೀರೆಯ ಅಂಚಿಗೆ ಹಚ್ಚಿದ ಚಿನ್ನ ಬೆಳಕನ್ನು ಕನ್ನಡಿಯಂತೆ ಮರಳಿಸುವುದರಿಂದ, ಪೋಲರೈಸರ್ ಆ ಬೆಳಕನ್ನು ಕತ್ತರಿಸಿದ ಕೂಡಲೇ ಚಿನ್ನವೆಲ್ಲ ಕಂದುಗಪ್ಪಾಗಿ ಸತ್ತುಹೋಗುತ್ತದೆ. ಇಂಥ ಚಿತ್ರಕ್ಕೆ ಟ್ರೈಪಾಡ್ ಕದಲಿಸದೆ ಎರಡು ಫೋಟೊ ತೆಗೆಯಿರಿ. ಮೊದಲನೆಯದು ಪೋಲರೈಸರ್ ಪೂರ್ತಿ ತಿರುಗಿಸಿ ಬಣ್ಣಗಳಿಗಾಗಿ. ಎರಡನೆಯದಕ್ಕೆ ಹಾಳೆಗಳನ್ನು ತೆಗೆದು, ಚಿತ್ರದ ಮೇಲ್ಭಾಗದಲ್ಲಿ ಕ್ಯಾಮೆರಾದ ಕಡೆಗೆ ಓರೆಯಾಗಿ ಒಂದು ಬಿಳಿ ಥರ್ಮೋಕೋಲ್ ಹಲಗೆ ಹಿಡಿಯಿರಿ. ಆ ಬಿಳಿಯ ಪ್ರತಿಬಿಂಬ ಚಿನ್ನದೊಳಗೆ ಇಳಿದು, ಮೊದಲು ಕಿರೀಟದ ತುದಿ, ಆಮೇಲೆ ಪ್ರಭಾವಳಿಯ ಒಂದೊಂದು ಎಸಳು ಹೊತ್ತಿಕೊಳ್ಳುವುದನ್ನು ಪರದೆಯಲ್ಲೇ ನೋಡುತ್ತ ಹಲಗೆಯ ಕೋನ ಸರಿಮಾಡಬಹುದು. ಫೋಟೊಶಾಪಿನಲ್ಲಿ ಎರಡನ್ನೂ ಒಂದರ ಮೇಲೊಂದು ಇಟ್ಟು, ಚಿನ್ನದ ಭಾಗಕ್ಕೆ ಮಾತ್ರ ಎರಡನೆಯದನ್ನು ಮಾಸ್ಕ್ ಮೂಲಕ ತನ್ನಿ. ಕಾಗದದ ಮೇಲೆ ಅದು ನಿಜವಾದ ಚಿನ್ನದಂತೆ ಮಿನುಗುವುದಿಲ್ಲ, ಆ ಮಾತನ್ನು ಕಲಾವಿದರಿಗೆ ಮೊದಲೇ ಹೇಳಿಬಿಡಬೇಕು.

ಬಣ್ಣದ ನಿಖರತೆಗೆ 24 ಚೌಕಗಳ ಕಲರ್‌ಚೆಕರ್ ಫಲಕ ಬೇಕೇ ಬೇಕು. ಚಿತ್ರ ಇರುವ ಜಾಗದಲ್ಲಿ, ಅದೇ ಬೆಳಕಿನಲ್ಲಿ ಅದನ್ನಿಟ್ಟು ಒಂದು ಫೋಟೊ ತೆಗೆದು, ಅದರಿಂದ ನಿಮ್ಮ ಕ್ಯಾಮೆರಾ ಮತ್ತು ದೀಪಗಳ ಜೋಡಿಗೆ ಪ್ರೊಫೈಲ್ (ಬಣ್ಣಗಳನ್ನು ಸರಿಯಾಗಿ ಓದಲು ತಂತ್ರಾಂಶ ಬಳಸುವ ಫೈಲ್) ತಯಾರಿಸಿಕೊಳ್ಳಿ. ಬೂದು ಚೌಕದಿಂದ ವೈಟ್ ಬ್ಯಾಲೆನ್ಸ್ (ದೀಪದ ಬಣ್ಣದ ಛಾಯೆ ತೆಗೆಯುವ ಹೊಂದಾಣಿಕೆ) ಹಿಡಿಯಿರಿ. ಬಿಳಿ ಚೌಕದ ಸಂಖ್ಯೆ 255ರಲ್ಲಿ 240–245ರ ಆಸುಪಾಸು ಇದ್ದರೆ ಎಕ್ಸ್‌ಪೋಶರ್ ಸರಿಯಿದೆ. ಕೆಲಸವೆಲ್ಲ 16 ಬಿಟ್‌ನಲ್ಲಿ, ಅಡೋಬಿ ಆರ್‌ಜಿಬಿ ಅಥವಾ ಅದಕ್ಕಿಂತ ವಿಶಾಲವಾದ ಬಣ್ಣವಲಯದಲ್ಲಿ ನಡೆಯಲಿ. 24 ಮೆಗಾಪಿಕ್ಸೆಲಿನ ಒಂದು ಟಿಫ್ ಫೈಲ್ ಆಗ ಸುಮಾರು 144 ಎಂಬಿ ತೂಗುತ್ತದೆ, ಹೆದರಬೇಡಿ.

ಮಾನಿಟರನ್ನು ಕ್ಯಾಲಿಬ್ರೇಟರ್‌ನಿಂದ ಸರಿಪಡಿಸಿ, ಅದರ ಬೆಳಕನ್ನು ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾಗೆ ಇಳಿಸಿ. ಅಂಗಡಿಯಿಂದ ಬಂದ ಮಾನಿಟರುಗಳು ಬಹಳ ಬೆಳಗುತ್ತವೆ, "ಪ್ರಿಂಟ್ ಕಪ್ಪಾಗಿ ಬಂತು" ಎಂಬ ದೂರಿನ ಮೂಲ ಹೆಚ್ಚಿನ ಸಲ ಅದೇ. ಬಣ್ಣ ತಿದ್ದುವಾಗ ಮೂಲ ಚಿತ್ರ ಎದುರಿಗಿರಬೇಕು. ಫೋಟೊ ತೆಗೆದು ಚಿತ್ರವನ್ನು ಹಿಂದಿರುಗಿಸಿ, ವಾರದ ನಂತರ ನೆನಪಿನಿಂದ ತಿದ್ದುವುದು ಸಲ್ಲದು. ಫಲಕ, ಪ್ರೊಫೈಲ್ ಎಲ್ಲ ಸರಿಯಿದ್ದರೂ ಕೆಲವು ಬಣ್ಣಗಳು ಕ್ಯಾಮೆರಾಕ್ಕೆ ಒಲಿಯುವುದಿಲ್ಲ. ಕೋಬಾಲ್ಟ್ ನೀಲಿ, ಕಣ್ಣಿಗೆ ಕಾಣದ ಅವಕೆಂಪಿನ ಅಂಚಿನ ಬೆಳಕನ್ನೂ ಮರಳಿಸುವುದರಿಂದ, ಫೋಟೊದಲ್ಲಿ ನೇರಳೆಯ ಕಡೆಗೆ ಜಾರಬಹುದು. ಫ್ಲೋರೆಸೆಂಟ್ ಗುಲಾಬಿ, ಕಿತ್ತಳೆಗಳು ಯಾವ ಶಾಯಿಯಲ್ಲೂ ಪೂರ್ತಿ ಸಿಗುವುದಿಲ್ಲ. ನೀಲಿಯನ್ನು ಆ ಬಣ್ಣಕ್ಕಷ್ಟೇ ಸೀಮಿತವಾಗಿ ತಿದ್ದಬಹುದು, ಫ್ಲೋರೆಸೆಂಟ್ ಬಣ್ಣಕ್ಕೆ ಹತ್ತಿರದ ಒಂದು ಬಣ್ಣವನ್ನು ಕಲಾವಿದರೊಂದಿಗೆ ಕೂತು ಆರಿಸಬೇಕು.

ಮುದ್ರಣಕ್ಕೆ ಕೊಡುವಾಗ, ಫ್ಲೆಕ್ಸ್ ಹೊಡೆಯುವ ಅಂಗಡಿಯವರು ಕೇಳುವಂತೆ ಸಿಎಂವೈಕೆಗೆ (ನಾಲ್ಕು ಶಾಯಿಗಳ ಬಣ್ಣಪದ್ಧತಿ) ನೀವೇ ಬದಲಿಸಬೇಡಿ. ಪಿಗ್ಮೆಂಟ್ ಶಾಯಿಯ ಇಂಕ್‌ಜೆಟ್ ಯಂತ್ರಗಳಲ್ಲಿ ಎಂಟು, ಹತ್ತು, ಹನ್ನೆರಡು ಶಾಯಿಗಳಿರುತ್ತವೆ, ನಾಲ್ಕು ಬಣ್ಣಕ್ಕೆ ಇಳಿಸಿದರೆ ಅವುಗಳ ಶಕ್ತಿಯೇ ಸಿಗದಂತಾಗುತ್ತದೆ. ಹೈದರಾಬಾದ್, ಪುಣೆ, ಬೆಂಗಳೂರು ಎಲ್ಲಿಯ ಮುದ್ರಕರಿಗೆ ಕೊಟ್ಟರೂ, ಯಾವ ಕಾಗದ ಎಂದು ತೀರ್ಮಾನಿಸಿ ಆ ಕಾಗದದ ಐಸಿಸಿ ಪ್ರೊಫೈಲನ್ನು (ಅದರ ಮೇಲೆ ಬಣ್ಣ ಹೇಗೆ ಬರುತ್ತದೆ ಎಂದು ಹೇಳುವ ಫೈಲ್) ಕೇಳಿ ಪಡೆದು, ಪರದೆಯ ಮೇಲೆ ಸಾಫ್ಟ್‌ಪ್ರೂಫ್ (ಮುದ್ರಣದ ಮುನ್ನೋಟ) ನೋಡಿಕೊಳ್ಳಿ. ಜಲವರ್ಣಕ್ಕೆ ಆಮ್ಲರಹಿತ, ನೂರಕ್ಕೆ ನೂರು ಹತ್ತಿಯ ಮ್ಯಾಟ್ ಕಾಗದ ನನಗೆ ಇಷ್ಟ. 300 ಜಿಎಸ್‌ಎಂ ಆಸುಪಾಸಿನದು ಕೈಗೆ ಮೂಲ ಹಾಳೆಯಂತೆಯೇ ಅನಿಸುತ್ತದೆ. ಗಾಢ ಕಪ್ಪಿರುವ ತೈಲಚಿತ್ರಕ್ಕೆ ಬರೈಟಾ (ಬೇರಿಯಂ ಲೇಪದ ಫೋಟೊ ಕಾಗದ) ಅಥವಾ ಕ್ಯಾನ್ವಾಸ್ ಹೆಚ್ಚು ಸರಿ. ಶಾರ್ಪನಿಂಗನ್ನು ಮುದ್ರಣದ ಅಳತೆಗೆ ತಂದ ಮೇಲೆ, ಕೊನೆಗೆ, ಹಗುರವಾಗಿ ಮಾಡಿ.

ಹಕ್ಕಿನ ವಿಷಯವನ್ನು ಕೆಲಸಕ್ಕೆ ಮುಂಚೆಯೇ ಮಾತಾಡಿಕೊಳ್ಳಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರವನ್ನು ಕೊಂಡವರಿಗೆ ಅದರ ಪ್ರತಿ ಮಾಡುವ ಹಕ್ಕು ತಾನಾಗಿ ಬರುವುದಿಲ್ಲ. ಕಲಾವಿದರ ಜೀವಿತಾವಧಿ ಮತ್ತು ಅವರು ತೀರಿದ ಮುಂದಿನ ವರ್ಷದಿಂದ 60 ವರ್ಷಗಳವರೆಗೆ ಕೃತಿಸ್ವಾಮ್ಯ ಇರುತ್ತದೆ. ಮನೆಯಲ್ಲಿರುವ ಹಳೆಯ ಚಿತ್ರದ ಪ್ರತಿಗಳನ್ನು ಮಾರಲು ಬಯಸುವವರು ಬಂದರೆ, ಕಲಾವಿದರ ಅಥವಾ ವಾರಸುದಾರರ ಲಿಖಿತ ಒಪ್ಪಿಗೆ ನೋಡದೆ ನಾನು ಕ್ಯಾಮೆರಾ ಹೊರತೆಗೆಯುವುದಿಲ್ಲ.

ಪೂರ್ಣ ಪ್ರತಿಯನ್ನು ಹೊಡೆಸುವ ಮೊದಲು, ಚಿತ್ರದ ಅತಿ ಬೆಳಕಿನ ಭಾಗ, ಅತಿ ಕಪ್ಪು ಭಾಗ ಮತ್ತು ಕಷ್ಟದ ಬಣ್ಣ ಮೂರೂ ಬರುವಂತೆ ನಾಲ್ಕು ಇಂಚು ಅಗಲದ ಒಂದು ಪಟ್ಟಿಯನ್ನು ಅದೇ ಕಾಗದದ ಮೇಲೆ ತೆಗೆಸಿಕೊಳ್ಳಿ. ಶಾಯಿ ಆರಲು ಒಂದು ದಿನ ಬಿಟ್ಟು, ಅದನ್ನು ಮೂಲದ ಮೇಲೆ ಅದೇ ಜಾಗಕ್ಕೆ ಒತ್ತಿ ಹಿಡಿಯದೆ ಪಕ್ಕದಲ್ಲಿಟ್ಟು, ಬೆಳಗಿನ ನೆರಳಿನಲ್ಲಿ ಒಮ್ಮೆ, ರಾತ್ರಿ ಮನೆಯ ದೀಪದಲ್ಲಿ ಒಮ್ಮೆ ಕಲಾವಿದರಿಗೆ ತೋರಿಸಿ. ಅವರು ಹೇಳಿದ ತಿದ್ದುಪಡಿಯನ್ನು ಕಾಗದದ ಹೆಸರು, ತಾರೀಖಿನ ಸಮೇತ ಆ ಪಟ್ಟಿಯ ಹಿಂದೆ ಪೆನ್ಸಿಲಿನಲ್ಲಿ ಬರೆದು, ರಾ ಫೈಲ್, ತಿದ್ದಿದ ಟಿಫ್ ಮತ್ತು ಮುದ್ರಣದ ಫೈಲುಗಳನ್ನು ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ ಇಡಿ. ಒಂದು ಡಿಸ್ಕು ಬೇರೆ ಮನೆಯಲ್ಲಿರಲಿ. ಮೂರು ವರ್ಷದ ನಂತರ ಅದೇ ಚಿತ್ರದ ಇನ್ನೊಂದು ಪ್ರತಿಗೆ ಬೇಡಿಕೆ ಬಂದಾಗ, ಮೂಲ ಚಿತ್ರ ಯಾವ ಊರಿನ ಯಾವ ಗೋಡೆಯ ಮೇಲಿದ್ದರೂ, ಆ ಪಟ್ಟಿಯನ್ನು ಮುಂದಿಟ್ಟುಕೊಂಡು ಹೊಸ ಪ್ರತಿಯನ್ನು ಹೋಲಿಸಬಹುದು.